ಸೂಪರ್‌ಕಂಡಕ್ಟರ್ ಯಾಕೆ ಬಿಸಿಯಾಗುತ್ತದೆ?
ಕಣಗಳನ್ನು ವೇಗವಾಗಿ ಓಡಿಸುವ ಯಂತ್ರದ (ಆಕ್ಸಲರೇಟರ್) ಬಗ್ಗೆ ಉಪನ್ಯಾಸ ಮುಗಿದ ಮೇಲೆ ಹೆಚ್ಚುಕಡಿಮೆ ಎಲ್ಲ ಕಡೆ ಇದೇ ಪ್ರಶ್ನೆ. "ಸೂಪರ್‌ಕಂಡಕ್ಟರ್ ಅಂದ್ಮೇಲೆ ರೋಧ ಸೊನ್ನೆ ಅಲ್ವಾ ಸರ್? ಮತ್ತೆ ಅದನ್ನ ತಣ್ಣಗಿಡೋ ಹೀಲಿಯಂ ಪ್ಲಾಂಟಿಗೆ ಇಷ್ಟೊಂದು ಕರೆಂಟ್ ಯಾಕೆ?" ವಿದ್ಯಾರ್ಥಿಗಳು ಕೇಳಿದರೆ ಖುಷಿ. ಯಂತ್ರದ ಖರ್ಚು ಲೆಕ್ಕ ಹಾಕುವವರೂ ಹೀಗೇ ನಂಬಿಕೊಂಡಿದ್ದರೆ ತಾಳ್ಮೆ ಕೆಡುತ್ತದೆ.

ಸೊನ್ನೆ ರೋಧ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ, ಕರೆಂಟಿನ ಮಾತು. ಕಣಗಳಿಗೆ ವೇಗ ಕೊಡುವ ನಮ್ಮ ನಯೋಬಿಯಂ ಕ್ಯಾವಿಟಿಯ (ಆ ಲೋಹದ ಟೊಳ್ಳು ಪಾತ್ರೆಯ) ಗೋಡೆಯಲ್ಲಿ ಕರೆಂಟ್ ಸೆಕೆಂಡಿಗೆ 130 ಕೋಟಿ ಸಲ ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ. 9.2 ಕೆಲ್ವಿನ್‌ಗಿಂತ (ಸುಮಾರು ಮೈನಸ್ 264 ಡಿಗ್ರಿ ಸೆಲ್ಸಿಯಸ್) ತಣ್ಣಗಾದರೆ ಎಲೆಕ್ಟ್ರಾನ್‌ಗಳು ಜೋಡಿಯಾಗುತ್ತವೆ, ನಿಜ. ಆದರೆ ಕೆಲವು ಒಂಟಿಯಾಗಿ ಉಳಿಯುತ್ತವೆ. ಡಿಸಿಯಲ್ಲಿ ಜೋಡಿಗಳೇ ಎಲ್ಲ ಕೆಲಸ ಮಾಡುತ್ತವೆ, ಒಂಟಿಗಳು ಸುಮ್ನೆ ಇರುತ್ತವೆ. ದಿಕ್ಕು ಬದಲಾಗುತ್ತಲೇ ಇದ್ದರೆ ಕಥೆ ಬೇರೆ. ಭಾರ ಹೇರಿದ ಗಾಡಿಯ ಹಾಗೆ ಜೋಡಿಗಳೂ ಥಟ್ಟನೆ ತಿರುಗಲಾರವು. ಅಷ್ಟರಲ್ಲಿ ವಿದ್ಯುತ್ ಕ್ಷೇತ್ರ ಗೋಡೆಯೊಳಗೆ ಒಂದಿಷ್ಟು ನುಗ್ಗಿ ಒಂಟಿಗಳನ್ನು ತಳ್ಳುತ್ತದೆ. ಅವು ಡಿಕ್ಕಿ ಹೊಡೆಯುತ್ತವೆ, ಶಾಖ ಹುಟ್ಟುತ್ತದೆ.

ಈ ರೋಧ ಹತ್ತು ನ್ಯಾನೋ ಓಮ್ ಆಸುಪಾಸು. ತಾಮ್ರದ ರೋಧದ ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲು. ಆದರೂ ಸೊನ್ನೆಯಲ್ಲ. 2 ಕೆಲ್ವಿನ್‌ನಲ್ಲಿ ಹುಟ್ಟುವ ಒಂದೇ ಒಂದು ವ್ಯಾಟ್ ಶಾಖ ಹೊರಹಾಕಲು, ಪ್ಲಾಂಟ್ ಎಷ್ಟು ಚೆನ್ನಾಗಿದೆ ಅನ್ನುವುದರ ಮೇಲೆ, 700ರಿಂದ 1000 ವ್ಯಾಟ್ ಬೇಕು.

ಹಾಗಾಗಿ "ಎಷ್ಟು ಮೆಗಾವೋಲ್ಟ್ ಬಂತು?" ಅಂತ, ಅಂದರೆ ಕ್ಯಾವಿಟಿ ಕಣಗಳನ್ನು ಎಷ್ಟು ಜೋರಾಗಿ ತಳ್ಳುತ್ತದೆ ಅಂತ ಮಾತ್ರ ಕೇಳಬೇಡಿ. ಅಷ್ಟು ಬಂದಾಗ ಶಾಖ ಎಷ್ಟು ಅಂತಲೂ ಕೇಳಿ.

2013ರಲ್ಲಿ ಅಮೆರಿಕದ ಕಣಭೌತ ಪ್ರಯೋಗಾಲಯ ಫರ್ಮಿಲ್ಯಾಬ್‌ನ ಅನ್ನಾ ಗ್ರಾಸೆಲಿನೊ ತಂಡ ಇದಕ್ಕೊಂದು ದಾರಿ ತೋರಿಸಿತು. 800 ಡಿಗ್ರಿ ಕುಲುಮೆಯಲ್ಲಿ ಕ್ಯಾವಿಟಿಗೆ ಕೆಲವು ನಿಮಿಷ ನೈಟ್ರೋಜನ್ ಕೊಡಬೇಕು. ಆಮೇಲೆ ಕೆಲವೇ ಮೈಕ್ರಾನ್ ಮೇಲ್ಪದರ ತೆಗೆಯಬೇಕು. ಶಾಖ ಅರ್ಧಕ್ಕೂ ಇಳಿಯಬಹುದು. ಕ್ಯಾಲಿಫೋರ್ನಿಯಾದ ಎಕ್ಸ್-ರೇ ಲೇಸರ್ ಎಲ್‌ಸಿಎಲ್‌ಎಸ್-2 ಯಂತ್ರದ ಕ್ಯಾವಿಟಿಗಳು ಇಂಥವೇ. ಹಾಗಂತ ಕಣ್ಣುಮುಚ್ಚಿ ಎಲ್ಲ ಕಡೆ ಮಾಡುವ ಕೆಲಸ ಇದಲ್ಲ. ಭೂಮಿಯ ಕಾಂತಕ್ಷೇತ್ರ ಸ್ವಲ್ಪ ಒಳಗೆ ಸಿಕ್ಕಿಕೊಂಡರೂ ಇಂಥ ಕ್ಯಾವಿಟಿ ಜಾಸ್ತಿ ಬಿಸಿಯಾಗುತ್ತದೆ. ಗರಿಷ್ಠ ಮೆಗಾವೋಲ್ಟೂ ಸಾಮಾನ್ಯವಾಗಿ ಕಡಿಮೆ.

ಪಾಕ ಯಾವುದೇ ಇರಲಿ, ಕೊನೆಗೆ ಎಲ್ಲ ನಿಂತಿರುವುದು ಕ್ಲೀನ್‌ರೂಮಿನ ಹುಡುಗರ ಕೈಮೇಲೆ. ಒಂದು ಧೂಳಿನ ಕಣ ಒಳಗೆ ಹೋದರೂ ಅದು ಎಲೆಕ್ಟ್ರಾನ್ ಉಗುಳಲು ಶುರುಮಾಡುತ್ತದೆ. ಬೋಲ್ಟ್ ಹಾಕುವ ಮುಂಚೆ ಅವರು ಒಂದೊಂದು ತೂತಿಗೂ ನೈಟ್ರೋಜನ್ ಊದುತ್ತಾರೆ. ಪಕ್ಕದ ಧೂಳಿನ ಕಣ ಎಣಿಸುವ ಕೌಂಟರ್ ಸೊನ್ನೆ ತೋರಿಸುವವರೆಗೆ ಊದುತ್ತಲೇ ಇರುತ್ತಾರೆ. ಅವಸರ ಮಾಡಿ ಅಂತ ಅವರಿಗೆ ಯಾರೂ ಹೇಳಬೇಡಿ.