ಬಳ್ಳಾರಿ–ಬೆಂಗಳೂರು: 20 ನಿಮಿಷದ ದಾರಿಗೆ ವಿಮಾನ ಒಂದು ಗಂಟೆ ತೆಗೆದುಕೊಳ್ಳುವುದು ಯಾಕೆ?

ಓದುಗರ ಪ್ರಶ್ನೆ: ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಬಳ್ಳಾರಿಯಿಂದ ಬೆಂಗಳೂರು ಸುಮಾರು 250 ಕಿ.ಮೀ. ವಿಮಾನ ಗಂಟೆಗೆ 800 ಕಿ.ಮೀ. ಹೋಗುತ್ತದೆ ಅಂತಾರೆ. ಅಂದರೆ 20 ನಿಮಿಷ ಸಾಕು. ಟಿಕೆಟ್‌ನಲ್ಲಿ ಮಾತ್ರ ಒಂದು ಗಂಟೆ ಅಂತ ಯಾಕೆ ಇರುತ್ತದೆ?

ಉತ್ತರ: ದೂರದ ಲೆಕ್ಕ ಸರಿಯಾಗಿದೆ. ವಿಮಾನ ಹತ್ತುವುದು ಬಳ್ಳಾರಿಯಲ್ಲಲ್ಲ, ತೋರಣಗಲ್ಲು ಹತ್ತಿರದ ವಿದ್ಯಾನಗರದಲ್ಲಿ. ಅಲ್ಲಿಂದ ದೇವನಹಳ್ಳಿಗೂ ಹೆಚ್ಚುಕಡಿಮೆ 250 ಕಿ.ಮೀ. ಲೆಕ್ಕ ತಪ್ಪಿರುವುದು ವೇಗದಲ್ಲಿ.

800 ಅನ್ನುವುದು ಜೆಟ್ ವಿಮಾನ 30,000 ಅಡಿ ಮೇಲೆ ಹೋದಾಗಿನ ವೇಗ. ಇಷ್ಟು ಹತ್ತಿರದ ಊರಿಗೆ ಅಷ್ಟು ಮೇಲೇರುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ. 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ ಸುಮಾರು 460 ಕಿ.ಮೀ. ದಾಟುವಂತಿಲ್ಲ. ಎಟಿಆರ್ ಅನ್ನುವ ಪ್ರೊಪೆಲ್ಲರ್‌ನ ಸಣ್ಣ ವಿಮಾನ ಸಿಕ್ಕರಂತೂ ಅದರ ಪೂರ್ತಿ ವೇಗವೇ ಗಂಟೆಗೆ 500 ಕಿ.ಮೀ. ಆಸುಪಾಸು. ಅಲ್ಲಿಗೇ ಅರ್ಧ ಗಂಟೆ ಆಯ್ತು.

ಉಳಿದರ್ಧ ನೆಲದ ಮೇಲೆ ಮತ್ತು ಬೆಂಗಳೂರಿನ ಆಕಾಶದಲ್ಲಿ ಹೋಗುತ್ತದೆ. ಟಿಕೆಟ್‌ನಲ್ಲಿರುವ ಹೊರಡುವ ಸಮಯ ವಿಮಾನ ನಿಂತ ಜಾಗ ಬಿಡುವುದಕ್ಕೆ, ತಲುಪುವ ಸಮಯ ಅಲ್ಲಿ ಹೋಗಿ ನಿಲ್ಲುವುದಕ್ಕೆ. ರನ್‌ವೇವರೆಗಿನ ಓಡಾಟವೆಲ್ಲ ಅದರಲ್ಲೇ ಸೇರಿತು. ದೇವನಹಳ್ಳಿಯ ಎರಡೂ ರನ್‌ವೇ ಪೂರ್ವ–ಪಶ್ಚಿಮವಾಗಿವೆ. ನಮ್ಮ ವಿಮಾನ ಬರುವುದು ಉತ್ತರದಿಂದ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿಕೊಂಡು, ತಿರುಗಿ, ಸಾಲಿನಲ್ಲಿ ತನ್ನ ಸರದಿ ಬಂದ ಮೇಲೆ ಇಳಿಯಬೇಕು. ಇದರ ಮೇಲೆ, ತಡವಾದರೆ ಬೈಸಿಕೊಳ್ಳಬಾರದು ಅಂತ ಕಂಪನಿಗಳು ಸ್ವಲ್ಪ ಸಮಯ ಮೊದಲೇ ಸೇರಿಸಿಟ್ಟಿರುತ್ತವೆ. ಹತ್ತು ನಿಮಿಷ ಬೇಗ ಇಳಿದಾಗ ಖುಷಿಪಡುತ್ತೀರಲ್ವಾ, ಅದು ಆ ಲೆಕ್ಕದ್ದೇ.

ನನ್ನ ಪ್ರಕಾರ ನೋಡಬೇಕಾದದ್ದು ಮನೆಯಿಂದ ಮನೆಗೆ ಎಷ್ಟು ಹೊತ್ತು ಅನ್ನುವುದನ್ನು. ಕುಡತಿನಿ ದಾಟಿ, ಲಾರಿಗಳ ಸಾಲು ತಪ್ಪಿಸಿಕೊಂಡು ವಿದ್ಯಾನಗರ ಮುಟ್ಟಲು ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಕೌಂಟರ್ ಮುಚ್ಚುವ ಮೊದಲು ಸೇರಬೇಕು, ಅದಕ್ಕೆ ಒಂದೂಕಾಲು ಗಂಟೆ. ಹಾರಾಟ ಒಂದು ಗಂಟೆ. ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಸುಮಾರು 35 ಕಿ.ಮೀ., ಟ್ರಾಫಿಕ್ ಇದ್ದರೆ ಒಂದೂವರೆ ಗಂಟೆ. ಕೂಡಿಸಿದರೆ ನಾಲ್ಕೂವರೆ. ಚಳ್ಳಕೆರೆ, ಹಿರಿಯೂರು ಮೇಲೆ ಕಾರಲ್ಲಿ ಹೋದರೆ 300 ಕಿ.ಮೀ. ಮೇಲಾಗುತ್ತದೆ, ಸುಮಾರು ಆರು ಗಂಟೆ. ಉಳಿಯುವುದು ಒಂದೂವರೆ ಗಂಟೆ ಅಷ್ಟೇ. ಅನಂತಪುರ ದಾರಿ ಹಿಡಿದರೆ ಕಾರೂ ದೇವನಹಳ್ಳಿ ಮೇಲೆಯೇ ಹೋಗುತ್ತದೆ. ಯಲಹಂಕ, ಹೆಬ್ಬಾಳದ ಕಡೆ ಕೆಲಸವಿದ್ದರೆ ಅದೇ ವಾಸಿ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತುವವರು ಗುಂತಕಲ್ ಸುತ್ತಿಕೊಂಡು ಹೋದರೂ ನಿದ್ದೆಯಲ್ಲೇ ದಾರಿ ಮುಗಿಸುತ್ತಾರೆ. ಅವರಿಗೆ ಈ ಲೆಕ್ಕವೇ ಬೇಡ.

ರಾಯಚೂರಿನವರ ಮಾತು ಬೇರೆ. ಅವರಿಗೆ ಶಂಶಾಬಾದ್ ಒಳ್ಳೆಯದು. ಮಹಬೂಬ್‌ನಗರದ ಮೇಲೆ ಹೋದರೆ ಹೈದರಾಬಾದ್ ಊರೊಳಗೆ ಹೋಗುವ ಮೊದಲೇ ಆ ವಿಮಾನ ನಿಲ್ದಾಣ ಸಿಗುತ್ತದೆ.

ವಿದ್ಯಾನಗರದ ವಿಮಾನದಿಂದ ನಿಜವಾಗಿ ಲಾಭ ಆಗುವುದು ದೇವನಹಳ್ಳಿಯಲ್ಲೇ ಇನ್ನೊಂದು ವಿಮಾನ ಹಿಡಿದು ದೆಹಲಿಗೋ ದುಬೈಗೋ ಹೋಗುವವರಿಗೆ. ಬೆಂಗಳೂರಿನ ಟ್ರಾಫಿಕ್ಕೇ ತಪ್ಪುತ್ತದೆ. ಎರಡು ವಿಮಾನದ ನಡುವೆ ಮೂರು ಗಂಟೆಯಾದರೂ ಬಿಡುವು ಇರುವಂತೆ ಬುಕ್ ಮಾಡಿ. ವಿದ್ಯಾನಗರದಿಂದ ವಿಮಾನ ಯಾವ ದಿನ ಇದೆ ಅನ್ನುವುದು ಆಗಾಗ ಬದಲಾಗುತ್ತದೆ, ಅದನ್ನು ಮೊದಲು ನೋಡಿಕೊಳ್ಳಿ.