ಗ್ಯಾಸ್ ತೊಟ್ಟಿಯೊಳಗೆ ಬೆಳಕು ತಂದ ಬಗೆ

ವಿಯೆನ್ನಾದ ಸಿಮ್ಮರಿಂಗ್‌ನಲ್ಲಿ ನಾಲ್ಕು ಇಟ್ಟಿಗೆ ಗೋಪುರಗಳು ಸಾಲಾಗಿ ನಿಂತಿವೆ. ಎತ್ತರ ಸುಮಾರು 70 ಮೀಟರ್, ಅಡ್ಡಳತೆ 60 ಮೀಟರ್. 1896–99ರಲ್ಲಿ ಕಟ್ಟಿದ ಇವು ಕಲ್ಲಿದ್ದಲಿನಿಂದ ತೆಗೆದ ಗ್ಯಾಸಿನ ಉಗ್ರಾಣಗಳು. ಒಂದೊಂದರಲ್ಲೂ 90,000 ಘನ ಮೀಟರ್ ಹಿಡಿಯುತ್ತಿತ್ತು.

ಕೋಟೆಯಂತೆ ಕಂಡರೂ ಗ್ಯಾಸನ್ನು ಹಿಡಿದಿಟ್ಟದ್ದು ಗೋಡೆಯಲ್ಲ. ಒಳಗೊಂದು ನೀರಿನ ತೊಟ್ಟಿ, ಅದರಲ್ಲಿ ಬೋರಲಾಗಿ ತೇಲುವ ಉಕ್ಕಿನ ಗಂಟೆ. ಬಕೆಟ್ ನೀರಿನಲ್ಲಿ ಲೋಟ ಬೋರಲು ಹಾಕಿ, ಕೆಳಗಿನಿಂದ ಕೊಳವೆಯಲ್ಲಿ ಊದಿದರೆ ಲೋಟ ಮೇಲೇಳುತ್ತದಲ್ಲ, ಹಾಗೆ. ಗಂಟೆಯ ಭಾರವೇ ಊರಿನ ಕೊಳವೆಗಳಿಗೆ ಒತ್ತಡ ಕೊಡುತ್ತಿತ್ತು. ಗೋಡೆ ಬರೀ ಗಾಳಿ, ಹಿಮಕ್ಕೆ ಹೊದಿಕೆ. ಆದ್ದರಿಂದ 1984ರಲ್ಲಿ ಉಗ್ರಾಣದ ಬಳಕೆ ನಿಂತು, 1999–2001ರಲ್ಲಿ ಮನೆ ಕಟ್ಟಿದಾಗ, ಮಹಡಿಗಳ ಭಾರವನ್ನು ಹಳೆಯ ಇಟ್ಟಿಗೆಯ ಮೇಲೆ ಹೇರದೆ ಹೊಸ ಕಟ್ಟಡವನ್ನು ಅದರದೇ ಅಡಿಪಾಯದ ಮೇಲೆ ನಿಲ್ಲಿಸಿದರು.

ಗ್ಯಾಸ್ ಕಾರ್ಖಾನೆಯಿದ್ದ ಯಾವ ನೆಲದಲ್ಲೂ ಮಣ್ಣಿನ ಪರೀಕ್ಷೆ ಮೊದಲಾಗಬೇಕು. ಕಲ್ಲಿದ್ದಲಿನ ಟಾರು, ಬೆಂಜೀನ್, ಸಯನೈಡ್ ಸಂಯುಕ್ತಗಳು ದಶಕಗಟ್ಟಲೆ ಉಳಿಯುತ್ತವೆ. ಬೆಂಜೀನ್ ಆವಿ ನೆಲದ ಬಿರುಕಿನಿಂದ ಮನೆಯೊಳಕ್ಕೇ ಬರಬಲ್ಲದು. ಗೋಡೆಯ ಸಂದುಗಳಿಗೆ ಗಾರೆಯ ಬದಲು ಸಿಮೆಂಟ್ ತುಂಬುವುದೂ ತಪ್ಪು. ತೇವ ಸಂದಿನಿಂದ ಆರಲಾಗದೆ ಇಟ್ಟಿಗೆಯಲ್ಲೇ ಉಳಿದು, ಚಳಿಗೆ ಹೆಪ್ಪುಗಟ್ಟಿ ಹಿಗ್ಗಿ, ಇಟ್ಟಿಗೆಯ ಮುಖವನ್ನೇ ಕಳಚುತ್ತದೆ.

ಇವೆಲ್ಲಕ್ಕಿಂತ ಕಠಿಣವಾದದ್ದು ಬೆಳಕು. ನೆಲದಿಂದ ಕಿಟಕಿಯ ಮೇಲಂಚಿಗಿರುವ ಎತ್ತರದ ಎರಡು, ಎರಡೂವರೆ ಪಟ್ಟು ದೂರದವರೆಗೆ ಮಾತ್ರ ಹಗಲು ಬೆಳಕು ಸಾಕಷ್ಟು ತಲುಪುತ್ತದೆ. ಮೇಲಂಚು 2.4 ಮೀಟರ್ ಎತ್ತರದಲ್ಲಿದ್ದರೆ ಐದಾರು ಮೀಟರ್. ಗೋಪುರದ ನಡುಭಾಗವೋ 30 ಮೀಟರ್ ಒಳಗಿದೆ! ಒಂದು ಗೋಪುರದಲ್ಲಿ ವಾಸ್ತುಶಿಲ್ಪಿ ಜೀನ್ ನುವೆಲ್ ಗೋಡೆಗುಂಟ ಮನೆಗಳನ್ನು ಸುತ್ತಿಸಿ ನಡುವೆ ತೊಟ್ಟಿಮನೆಯಂತೆ ಅಂಗಳ ಬಿಟ್ಟರು. ಹೊಳೆಯುವ ಲೋಹದ ಮೈಯಿಂದ ಬೆಳಕು ಪುಟಿದು ಕೆಳಗಿಳಿಯುತ್ತದೆ. ಇನ್ನೊಂದು ಗೋಪುರದಲ್ಲಿ ವಾಸ್ತುಶಿಲ್ಪಿ ವಿಲ್ಹೆಲ್ಮ್ ಹೋಲ್ಟ್ಸ್‌ಬಾವರ್ ಇದನ್ನು ತಿರುವುಮುರುವು ಮಾಡಿದರು. ಮನೆಗಳು ನಡುವಿನಿಂದ ಮೂರು ತೋಳಾಗಿ ಚಾಚಿವೆ, ತೋಳುಗಳ ನಡುವೆ ತೋಟ, ಅದರಾಚೆ ಹಳೆಯ ಗೋಡೆ. ಆ ಗೋಡೆಗೆ ನ್ಯಾಯ ಸಲ್ಲಿಸಿದ್ದು ಈ ಉಪಾಯವೇ.

ಆದರೂ ಗಂಟೆಯೇ ಇಲ್ಲದ ಮೇಲೆ ಅಲ್ಲಿ ಗ್ಯಾಸ್ ಹೇಗೆ ನಿಂತಿತ್ತೆಂಬುದು ನೋಡುವವರಿಗೆ ತಿಳಿಯದು. ಲಂಡನ್ನಿನ ಕಿಂಗ್ಸ್ ಕ್ರಾಸ್‌ನಲ್ಲಿ ಗಂಟೆ ಏರಿಳಿಯಲು ದಾರಿಯಾಗಿದ್ದ 123 ಎರಕದ ಕಂಬಗಳನ್ನು ಬಿಚ್ಚಿ, ಯಾರ್ಕ್‌ಶೈರ್‌ಗೆ ಒಯ್ದು ದುರಸ್ತಿ ಮಾಡಿಸಿ, ಮತ್ತೆ ನಿಲ್ಲಿಸಿ, ಅವುಗಳ ನಡುವೆ 145 ಮನೆ ಕಟ್ಟಿದ್ದಾರೆ. ಅಲ್ಲಿನ ಮನೆಗಳು ಗಂಟೆ ಏರಿಳಿಯುತ್ತಿದ್ದ ಜಾಗದಲ್ಲೇ ಬೇರೆ ಬೇರೆ ಎತ್ತರಕ್ಕೆ ನಿಂತಿವೆ.