ಸೋಲಾರ್ ಫಂಡಿನ ಡಿವಿಡೆಂಡ್: ಅದರಲ್ಲಿ ಲಾಭವೆಷ್ಟು, ಅಸಲೆಷ್ಟು?

ಲಂಡನ್ ಷೇರುಪೇಟೆಯ ಸೋಲಾರ್ ಫಂಡುಗಳನ್ನು ನೋಡಲು ಹೊರಟವರ ಕಣ್ಣಿಗೆ ಮೊದಲು ಬೀಳುವುದು ಡಿವಿಡೆಂಡ್ ಯೀಲ್ಡ್, ಅಂದರೆ ವರ್ಷದ ಡಿವಿಡೆಂಡ್ ಷೇರು ಬೆಲೆಯ ಶೇಕಡಾ ಎಷ್ಟು ಎಂಬ ಲೆಕ್ಕ. ಇತ್ತೀಚಿನ ವರ್ಷಗಳಲ್ಲಿ ಅದು ಶೇ 10ನ್ನೂ ದಾಟಿದ್ದುಂಟು. ಕಂಡ ಕೂಡಲೇ ಮನಸ್ಸು ಬ್ಯಾಂಕ್ ಠೇವಣಿಯ ಲೆಕ್ಕಕ್ಕೆ ಜಾರುತ್ತದೆ: ನೂರು ಇಟ್ಟರೆ ವರ್ಷಕ್ಕೆ ಹತ್ತು ಬರುತ್ತದೆ, ನೂರು ನೂರಾಗಿಯೇ ಉಳಿಯುತ್ತದೆ. ನಾನೂ ಮೊದಮೊದಲು ಹಾಗೇ ಓದಿಕೊಂಡಿದ್ದೆ. ಈ ಲೆಕ್ಕದ ಮೊದಲ ಅರ್ಧ ಸರಿಯಿದ್ದರೂ ಎರಡನೇ ಅರ್ಧ ತಪ್ಪು. ಆ ತಪ್ಪು ಎಲ್ಲಿದೆ ಎಂದು ಹುಡುಕುತ್ತಾ ಹೋದಾಗ ಮಾಡಿಕೊಂಡ ಟಿಪ್ಪಣಿ ಇದು. ಯಾವ ಷೇರು ಕೊಳ್ಳಬೇಕು ಎಂಬ ಸಲಹೆ ಇದರಲ್ಲಿಲ್ಲ.

ಫಂಡ್ ಅಂದರೆ ಇಲ್ಲಿ ಏನು

ಮುಖ್ಯವಾದವು ಮೂರು. ಬ್ಲೂಫೀಲ್ಡ್ ಸೋಲಾರ್ ಇನ್‌ಕಮ್ ಫಂಡ್ 2013ರ ಜುಲೈನಲ್ಲಿ, ಫೋರ್‌ಸೈಟ್ ಸೋಲಾರ್ ಅದೇ ವರ್ಷದ ಅಕ್ಟೋಬರ್‌ನಲ್ಲಿ, ನೆಕ್ಸ್ಟ್‌ಎನರ್ಜಿ ಸೋಲಾರ್ ಫಂಡ್ 2014ರ ಏಪ್ರಿಲ್‌ನಲ್ಲಿ ಲಂಡನ್ ಪೇಟೆಗೆ ಬಂದವು. ಜನರಿಂದ ಷೇರು ಹಣ ಎತ್ತಿ, ಬಹುಪಾಲು ಬ್ರಿಟನ್ನಿನಲ್ಲಿರುವ ಸೋಲಾರ್ ಪಾರ್ಕುಗಳನ್ನು ಕೊಂಡು, ಅಲ್ಲಿನ ವಿದ್ಯುತ್ ಮಾರಿ, ಉಳಿದದ್ದನ್ನು ಮೂರು ತಿಂಗಳಿಗೊಮ್ಮೆ ಡಿವಿಡೆಂಡ್ ಆಗಿ ಹಂಚುವುದು ಇವುಗಳ ಕಸುಬು.

ಇವೆಲ್ಲ ಕ್ಲೋಸ್ಡ್ ಎಂಡೆಡ್ ಫಂಡುಗಳು. ಮ್ಯೂಚುವಲ್ ಫಂಡಿನಂತೆ ಯೂನಿಟ್ ವಾಪಸ್ ಕೊಟ್ಟು ಹಣ ಪಡೆಯಲು ಇಲ್ಲಿ ಬರುವುದಿಲ್ಲ. ಹೊರಬರಬೇಕೆಂದರೆ ಪೇಟೆಯಲ್ಲಿ ಇನ್ನೊಬ್ಬರಿಗೆ ಮಾರಬೇಕು, ಅವರು ಕೊಟ್ಟಷ್ಟೇ ಬೆಲೆ. ಹಾಗಾಗಿ ಒಂದೇ ಷೇರಿಗೆ ಎರಡು ಬೆಲೆ ಇರುತ್ತವೆ. ಫಂಡಿನವರು ಲೆಕ್ಕ ಹಾಕಿ ಹೇಳುವ ನಿವ್ವಳ ಆಸ್ತಿ ಮೌಲ್ಯ, ಅಂದರೆ ಎನ್‌ಎವಿ, ಒಂದು. ಪೇಟೆ ಕೊಡುವ ಬೆಲೆ ಇನ್ನೊಂದು. ಪೇಟೆಯ ಬೆಲೆ ಕೆಳಗಿದ್ದರೆ ಡಿಸ್ಕೌಂಟ್, ಮೇಲಿದ್ದರೆ ಪ್ರೀಮಿಯಂ.

ಒಂದು ಪಾರ್ಕಿನ ಒಳಗೆ ಹೋಗಿ ನೋಡೋಣ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು. ಡಿವಿಡೆಂಡ್ ಹುಟ್ಟುವ ಜಾಗವೇ ಇದು.

5 ಮೆಗಾವ್ಯಾಟ್‌ನ ಒಂದು ಪಾರ್ಕ್ ಎಂದುಕೊಳ್ಳಿ. ವರ್ಷಕ್ಕೆ 8,760 ಗಂಟೆ. ರಾತ್ರಿ, ಮೋಡ, ಚಳಿಗಾಲ ಎಲ್ಲ ಕಳೆದರೆ ಬ್ರಿಟನ್ನಿನಲ್ಲಿ ಸೋಲಾರ್ ತನ್ನ ಪೂರ್ಣ ಸಾಮರ್ಥ್ಯದ ಶೇ 10ರಿಂದ 11ರಷ್ಟು ಮಾತ್ರ ಉತ್ಪಾದಿಸುತ್ತದೆ. ಶೇ 11 ಎಂದು ಹಿಡಿದರೆ ವರ್ಷಕ್ಕೆ ಸುಮಾರು 4,800 ಮೆಗಾವ್ಯಾಟ್ ಅವರ್. ಮೆಗಾವ್ಯಾಟ್ ಅವರ್‌ಗೆ 60 ಪೌಂಡ್ ಸಿಕ್ಕಿತು ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ ವಿದ್ಯುತ್ ಮಾರಾಟದ ಆದಾಯ 2,88,000 ಪೌಂಡ್.

ಇಷ್ಟೇ ಎಂದುಕೊಂಡರೆ ಅರ್ಧಕ್ಕಿಂತ ಹೆಚ್ಚು ಆದಾಯ ಬಿಟ್ಟುಹೋಯಿತು. ಬ್ರಿಟನ್ನಿನಲ್ಲಿ 2002ರಿಂದ ರಿನ್ಯೂವಬಲ್ಸ್ ಆಬ್ಲಿಗೇಶನ್ ಎಂಬ ವ್ಯವಸ್ಥೆ ಇದೆ. ಹಸಿರು ವಿದ್ಯುತ್ ಉತ್ಪಾದಿಸಿದವರಿಗೆ ನಿಯಂತ್ರಕ ಸಂಸ್ಥೆ ಆಫ್‌ಜೆಮ್ ಪ್ರಮಾಣಪತ್ರ ಕೊಡುತ್ತದೆ. ಅದನ್ನು ಆರ್‌ಒಸಿ ಅನ್ನುತ್ತಾರೆ. ಮನೆಮನೆಗೆ ವಿದ್ಯುತ್ ಮಾರುವ ಕಂಪನಿಗಳು ಇಂತಿಷ್ಟು ಆರ್‌ಒಸಿ ತಂದು ಒಪ್ಪಿಸಬೇಕು, ಇಲ್ಲವೇ ಪ್ರತಿಯೊಂದಕ್ಕೂ ಬೈಔಟ್ ದರ ಕಟ್ಟಬೇಕು. ಹಾಗಾಗಿ ಪಾರ್ಕಿನವರು ಮಾರುವ ಆರ್‌ಒಸಿಗೆ ಹೆಚ್ಚುಕಡಿಮೆ ಆ ದರವೇ ಬೆಲೆ. ಆ ದರ 2002-03ರಲ್ಲಿ 30 ಪೌಂಡ್ ಇತ್ತು. ಹಣದುಬ್ಬರದ ಜೊತೆ ಏರುತ್ತಾ ಏರುತ್ತಾ 2024-25ಕ್ಕೆ 64.73 ಪೌಂಡ್ ಆಯಿತು. ನಮ್ಮ ಪಾರ್ಕ್ 2014-15ರಲ್ಲಿ ನೆಲದ ಮೇಲೆ ಕಟ್ಟಿದ್ದು ಎಂದರೆ ಪ್ರತಿ ಮೆಗಾವ್ಯಾಟ್ ಅವರ್‌ಗೆ 1.4 ಆರ್‌ಒಸಿ. ಗುಣಿಸಿ ನೋಡಿ: ಸುಮಾರು 90.6 ಪೌಂಡ್. 4,800ಕ್ಕೆ 4,35,000 ಪೌಂಡ್.

ಅಂದರೆ ಈ ಪಾರ್ಕಿನ ಒಟ್ಟು 7,23,000 ಪೌಂಡ್‌ನಲ್ಲಿ ಶೇ 60ರಷ್ಟು ಸಬ್ಸಿಡಿ. ನೂರು ಪೌಂಡಿನಲ್ಲಿ ಅರವತ್ತು ಕಾನೂನಿನಿಂದ ಬರುತ್ತಿದೆ, ನಲವತ್ತು ವಿದ್ಯುತ್ ಮಾರಿ ಬರುತ್ತಿದೆ. ಸೋಲಾರ್ ಫಂಡ್ ಎಂದರೆ ವಿದ್ಯುತ್ ಬೆಲೆಯ ಮೇಲಿನ ಬಾಜಿ ಎಂದು ನಂಬಿದ್ದ ನನಗೆ ಈ ಗುಣಾಕಾರ ಮಾಡಿದ ದಿನ ಕಣ್ಣು ಬಿಟ್ಟಂತಾಯಿತು.

ಈ ಅರವತ್ತಕ್ಕೆ ಗಡುವಿದೆ. ಒಂದು ಪಾರ್ಕಿಗೆ ಆರ್‌ಒಸಿ ಸಿಗುವುದು 20 ವರ್ಷ, ಅದೂ 2037ರ ಮಾರ್ಚ್ ದಾಟುವಂತಿಲ್ಲ. 5 ಮೆಗಾವ್ಯಾಟ್ ಮೀರಿದ ಹೊಸ ಸೋಲಾರ್ ಪಾರ್ಕುಗಳಿಗೆ ಈ ಬಾಗಿಲು 2015ರ ಮಾರ್ಚ್ ಕೊನೆಗೇ ಮುಚ್ಚಿತು, ಇಡೀ ಯೋಜನೆ 2017ರಲ್ಲಿ ಮುಚ್ಚಿತು. ಹಾಗಾಗಿ ಫಂಡುಗಳ ಕೈಲಿರುವ ಹಳೆಯ ಪಾರ್ಕುಗಳ ಸಬ್ಸಿಡಿ 2030ರ ದಶಕದ ನಡುವೆ ಹೆಚ್ಚುಕಡಿಮೆ ಒಟ್ಟೊಟ್ಟಿಗೇ ನಿಲ್ಲುತ್ತದೆ. ಪ್ಯಾನೆಲ್ ಆಮೇಲೂ ಬಿಸಿಲಿಗೆ ಕೆಲಸ ಮಾಡುತ್ತದೆ, ಆದರೆ ನಲವತ್ತರ ಭಾಗ ಮಾತ್ರ ಬರುತ್ತದೆ. ಖರ್ಚು ಅರ್ಧವಾಗುವುದಿಲ್ಲ. ನೆಲದ ಬಾಡಿಗೆ, ವಿಮೆ, ನಿರ್ವಹಣೆ ಹಾಗೇ ಇರುತ್ತವೆ.

ಹೊಸ ಪಾರ್ಕುಗಳಿಗೆ ಈಗ ಕಾಂಟ್ರ್ಯಾಕ್ಟ್ ಫಾರ್ ಡಿಫರೆನ್ಸ್ ಇದೆ. ಹರಾಜಿನಲ್ಲಿ ನಿಗದಿಯಾದ ದರಕ್ಕಿಂತ ಪೇಟೆ ಬೆಲೆ ಕಡಿಮೆಯಾದರೆ ವ್ಯತ್ಯಾಸ ಕೊಡುತ್ತಾರೆ, ಹೆಚ್ಚಾದರೆ ವಾಪಸ್ ಪಡೆಯುತ್ತಾರೆ. ಭದ್ರ ಹೌದು, ಆದರೆ ಆರ್‌ಒಸಿಯಂತೆ ಪೇಟೆ ಬೆಲೆಯ ಮೇಲೆ ಸೇರುವ ಹಣ ಅದಲ್ಲ.

ಡಿವಿಡೆಂಡ್ ಒಳಗಿನ ಅಸಲು

ಪ್ಯಾನೆಲ್ಲುಗಳು ವರ್ಷಕ್ಕೆ ಶೇ 0.4–0.5ರಷ್ಟು ಸೊರಗುತ್ತವೆ. ಅದು ಸಣ್ಣ ಮಾತು. ದೊಡ್ಡ ಮಾತೆಂದರೆ ನೆಲ ಗುತ್ತಿಗೆಯದ್ದು. ಯೋಜನಾ ಅನುಮತಿ ಮೊದಲು 25 ವರ್ಷದ ಆಸುಪಾಸಿಗೆ ಇತ್ತು, ಈಗ ಹಲವು ಪಾರ್ಕುಗಳಿಗೆ 35–40 ವರ್ಷಕ್ಕೆ ವಿಸ್ತರಿಸಿಕೊಂಡಿದ್ದಾರೆ. ಎಷ್ಟು ವಿಸ್ತರಿಸಿದರೂ ಒಂದು ದಿನ ಪ್ಯಾನೆಲ್ ಬಿಚ್ಚಿ, ಕಂಬ ಕಿತ್ತು, ಹೊಲವನ್ನು ಮೊದಲಿದ್ದಂತೆ ಮಾಡಿ ಮಾಲೀಕರಿಗೆ ಬಿಟ್ಟುಕೊಡಬೇಕು. ಆ ದಿನ ಪಾರ್ಕಿನ ಮೌಲ್ಯ ಸೊನ್ನೆ.

ಈಗ ಠೇವಣಿಯ ಲೆಕ್ಕಕ್ಕೆ ವಾಪಸ್ ಬನ್ನಿ. 100 ಪೆನ್ಸ್ (ಒಂದು ಪೌಂಡ್) ಹಾಕಿದಿರಿ, ವರ್ಷಕ್ಕೆ 8 ಪೆನ್ಸ್ ಬರುತ್ತದೆ, 25 ವರ್ಷ ಬರುತ್ತದೆ, ಕೊನೆಗೆ ಏನೂ ಉಳಿಯುವುದಿಲ್ಲ ಎಂದಿಟ್ಟುಕೊಳ್ಳಿ. ಯೀಲ್ಡ್ ಶೇ 8 ಎಂದು ಕಾಣುತ್ತದೆ. ನಿಜವಾದ ವಾರ್ಷಿಕ ಗಳಿಕೆ ಸುಮಾರು ಶೇ 6.2. ಉಳಿದದ್ದು ನಿಮ್ಮದೇ ಅಸಲು ಕಂತುಕಂತಾಗಿ ವಾಪಸ್ ಬರುತ್ತಿರುವುದು. ಅದೇ 8 ಪೆನ್ಸ್ 15 ವರ್ಷಕ್ಕೇ ನಿಂತರೆ? ಗಳಿಕೆ ಸುಮಾರು ಶೇ 2.4ಕ್ಕೆ ಇಳಿಯುತ್ತದೆ. ಯೀಲ್ಡ್ ಮಾತ್ರ ಆಗಲೂ ಶೇ 8 ಎಂದೇ ಹೇಳುತ್ತಿರುತ್ತದೆ.

ಅದೇ ಷೇರನ್ನು 70 ಪೆನ್ಸ್‌ಗೆ ಕೊಂಡವರ ಲೆಕ್ಕ ಬೇರೆ. ಅವರಿಗೆ ಕಾಣುವ ಯೀಲ್ಡ್ ಶೇ 11.4. 25 ವರ್ಷ ಬಂದರೆ ಗಳಿಕೆ ಸುಮಾರು ಶೇ 10.5, 15 ವರ್ಷ ಬಂದರೆ ಶೇ 7.6ರ ಹತ್ತಿರ. ಕೊಂಡ ಬೆಲೆ ಮತ್ತು ಆಯಸ್ಸು, ಇವೆರಡೂ ಗೊತ್ತಿಲ್ಲದೆ ಯೀಲ್ಡ್ ಒಂದನ್ನೇ ಹಿಡಿದು ಹೋಲಿಸುವುದು ಎಂಜಿನ್ ನೋಡದೆ ಬಣ್ಣ ನೋಡಿ ಕಾರು ಕೊಂಡ ಹಾಗೆ.

ಇದು ಮಕ್ಕಳ ಲೆಕ್ಕ ಎಂಬುದೂ ನೆನಪಿರಲಿ. ನಿಜದಲ್ಲಿ ಡಿವಿಡೆಂಡ್ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಈ ಫಂಡುಗಳು ಹಲವು ವರ್ಷ ಸ್ವಲ್ಪ ಸ್ವಲ್ಪ ಏರಿಸುತ್ತಾ ಬಂದವು. ಫೋರ್‌ಸೈಟ್ 2023ಕ್ಕೆ 7.55 ಪೆನ್ಸ್ ಕೊಟ್ಟದ್ದನ್ನು 2024ಕ್ಕೆ 8 ಪೆನ್ಸ್ ಮಾಡಿತು. ಏರಿಕೆ ಸೇರಿಸಿದರೆ ಗಳಿಕೆ ಹೆಚ್ಚುತ್ತದೆ, ಸಬ್ಸಿಡಿ ನಿಂತ ಮೇಲಿನ ಕುಸಿತ ಸೇರಿಸಿದರೆ ತಗ್ಗುತ್ತದೆ. ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಸಾಲು ಹಾಕಿ ನೀವೇ ಆಡಿಸಿ ನೋಡಿ, ನೂರು ಲೇಖನ ಓದಿದ್ದಕ್ಕಿಂತ ಬೇಗ ತಲೆಗೆ ಹೋಗುತ್ತದೆ.

ಬೆಲೆ ಯಾಕೆ ಬಿತ್ತು

ಮೊದಲ ಎಂಟೊಂಬತ್ತು ವರ್ಷದ ಹೆಚ್ಚಿನ ಕಾಲ ಈ ಷೇರುಗಳು ಪ್ರೀಮಿಯಂನಲ್ಲಿ ನಡೆದವು. ಬ್ಯಾಂಕ್ ಆಫ್ ಇಂಗ್ಲೆಂಡಿನ ಮೂಲ ದರ 2021ರ ಡಿಸೆಂಬರ್ ನಡುವಿನವರೆಗೆ ಶೇ 0.1 ಇತ್ತು. ಠೇವಣಿಯಲ್ಲಿ ಏನೂ ಹುಟ್ಟದಿದ್ದಾಗ ಶೇ 6ರ ಡಿವಿಡೆಂಡ್ ಎಲ್ಲರಿಗೂ ಬೇಕು. 2023ರ ಆಗಸ್ಟ್ ಹೊತ್ತಿಗೆ ಆ ದರ ಶೇ 5.25. ಸರ್ಕಾರಿ ಬಾಂಡ್ ಆದ ಗಿಲ್ಟ್‌ನ ಯೀಲ್ಡ್ ಕೂಡ ಹಾಗೇ ಏರಿತು. ಅಪಾಯವಿಲ್ಲದೆ ಅಷ್ಟು ಸಿಗುವಾಗ, ಅಪಾಯವಿರುವ ಕಡೆ ಅದಕ್ಕಿಂತ ಹೆಚ್ಚು ಬೇಕೆಂದು ಜನ ಕೇಳಿದರು. ಡಿವಿಡೆಂಡ್ ಬದಲಾಗದಿದ್ದರೆ ಯೀಲ್ಡ್ ಹೆಚ್ಚಾಗಲು ಇರುವುದು ಒಂದೇ ದಾರಿ, ಬೆಲೆ ಬೀಳಬೇಕು. ಬಿತ್ತು.

ಬಿಸಿಲು ಕಡಿಮೆಯಾಗಿ ಬೆಲೆ ಬಿದ್ದದ್ದಲ್ಲ ಎಂಬುದನ್ನು ಗಮನಿಸಿ. 2025ರ ವಸಂತ ಬ್ರಿಟನ್ನಿನ ದಾಖಲೆಯಲ್ಲೇ ಅತಿ ಹೆಚ್ಚು ಬಿಸಿಲಿನದ್ದು. ಆಗಲೂ ಷೇರುಗಳು ದೊಡ್ಡ ಡಿಸ್ಕೌಂಟ್‌ನಲ್ಲೇ ಇದ್ದವು.

ಡಿಸ್ಕೌಂಟ್‌ನ ಪೆಟ್ಟು ಬೆಲೆಗೆ ಮಾತ್ರ ಬೀಳುವುದಿಲ್ಲ. ಮೊದಲು ಈ ಫಂಡುಗಳು ಹೊಸ ಷೇರು ಮಾರಿ ಹೊಸ ಪಾರ್ಕ್ ಕೊಳ್ಳುತ್ತಿದ್ದವು, ಹಳೆಯದು ಸವೆಯುತ್ತಿದ್ದರೂ ಹೊಸದು ಸೇರಿ ಸರಾಸರಿ ಆಯಸ್ಸು ಉಳಿಯುತ್ತಿತ್ತು. ಎನ್‌ಎವಿಗಿಂತ ಕಡಿಮೆ ಬೆಲೆಗೆ ಹೊಸ ಷೇರು ಮಾರಿದರೆ ಇದ್ದವರಿಗೆ ನಷ್ಟ, ಆದ್ದರಿಂದ ಆ ನಲ್ಲಿ ಬಂದ್ ಆಗಿದೆ. ಈಗ ಸಾಲ ತೀರಿಸಲು, ಷೇರು ಮರುಖರೀದಿಗೆ ಕೆಲವು ಪಾರ್ಕುಗಳನ್ನು ಮಾರುತ್ತಿದ್ದಾರೆ. ನನ್ನ ಮಟ್ಟಿಗೆ ಇದು ಯೀಲ್ಡ್‌ಗಿಂತ ಮುಖ್ಯವಾದ ಸಂಗತಿ.

ಡಿವಿಡೆಂಡ್ ಕವರ್ ಓದುವಾಗ

ಕವರ್ 1.3 ಎಂದರೆ ಹಂಚುವ ಪ್ರತಿ ಪೌಂಡಿಗೆ ಕೈಯಲ್ಲಿ 1.30 ಪೌಂಡ್ ನಗದು ಬಂದಿದೆ ಎಂದರ್ಥ. ಕೇಳಬೇಕಾದ ಪ್ರಶ್ನೆ ಒಂದೇ: ಸಾಲದ ಅಸಲಿನ ಕಂತು ಕಟ್ಟುವ ಮುಂಚಿನದ್ದೋ, ಕಟ್ಟಿದ ಮೇಲಿನದ್ದೋ? ಬ್ಲೂಫೀಲ್ಡ್ ತನ್ನ ವರದಿಗಳಲ್ಲಿ ಕಟ್ಟಿದ ಮೇಲಿನದ್ದನ್ನು ಕೊಡುತ್ತಾ ಬಂದಿದೆ. ಸವೆಯುವ ಆಸ್ತಿಗೆ ಸವೆಯುವ ಸಾಲವೇ ಸರಿ. ಸಬ್ಸಿಡಿ ನಿಲ್ಲುವ ಹೊತ್ತಿಗೆ ಕಂತಿನ ಸಾಲವೂ ತೀರಿದ್ದರೆ ಉಳಿದ ನಲವತ್ತರಲ್ಲಿ ಪಾಲು ಕೇಳುವವರು ಕಡಿಮೆ. ತೇಲುವ ಬಡ್ಡಿಯ ರಿವಾಲ್ವಿಂಗ್ ಸಾಲ (ಬೇಕಾದಾಗ ತೆಗೆದು, ತೀರಿಸಿ, ಮತ್ತೆ ತೆಗೆಯುವ ಸಾಲ) ದೊಡ್ಡದಿದ್ದರೆ ಹಾಗಲ್ಲ, ಅದನ್ನು ಆಗಾಗ ನವೀಕರಿಸಬೇಕು. ನೆಕ್ಸ್ಟ್‌ಎನರ್ಜಿ ಇದಲ್ಲದೆ ಶೇ 4.75ರ 20 ಕೋಟಿ ಪೌಂಡ್ ಪ್ರಿಫರೆನ್ಸ್ ಷೇರು ಕೊಟ್ಟಿದೆ. ಅದಕ್ಕೆ ಹಣ ಹೋದ ಮೇಲೆಯೇ ಸಾಮಾನ್ಯ ಷೇರುದಾರರ ಸರದಿ. ಸಾಲದ ಪಟ್ಟಿಯಲ್ಲಿ ಅದನ್ನು ಬಿಟ್ಟು ಎಣಿಸಿದರೆ ಹೊರೆ ಇರುವುದಕ್ಕಿಂತ ಹಗುರವಾಗಿ ಕಾಣುತ್ತದೆ.

ಇನ್ನೊಂದು ಚಿಕ್ಕ ವಿಷಯ. ಉತ್ಪಾದನೆ ಜೂನ್‌ನಲ್ಲಿ ತುಂಬಿ ಹರಿಯುತ್ತದೆ, ಡಿಸೆಂಬರ್‌ನಲ್ಲಿ ಬತ್ತುತ್ತದೆ. ಡಿವಿಡೆಂಡ್ ಮಾತ್ರ ನಾಲ್ಕೂ ತ್ರೈಮಾಸಿಕಕ್ಕೆ ಹೆಚ್ಚುಕಡಿಮೆ ಸಮ. ಹಾಗಾಗಿ ಅರ್ಧವಾರ್ಷಿಕ ವರದಿಯ ಕವರ್ ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಇಡೀ ವರ್ಷದ್ದನ್ನು ನೋಡಿ.

ಕೆಡುವ ದಾರಿಗಳು

ಒಂದು, ನಡು ಮಧ್ಯಾಹ್ನದ ಸಮಸ್ಯೆ. ಬಿಸಿಲು ಬಂದಾಗ ಎಲ್ಲ ಪಾರ್ಕುಗಳೂ ಒಟ್ಟಿಗೇ ಉತ್ಪಾದಿಸುತ್ತವೆ, ಆ ಗಂಟೆಯಲ್ಲೇ ಬೆಲೆ ಕುಸಿಯುತ್ತದೆ, ಕೆಲವು ಸಲ ಸೊನ್ನೆಗಿಂತ ಕೆಳಗೂ ಹೋಗುತ್ತದೆ. ಇಡೀ ದಿನದ ಸರಾಸರಿ ಬೆಲೆ 60 ಇದ್ದರೂ ಸೋಲಾರ್‌ಗೆ ಸಿಗುವುದು ಅದಕ್ಕಿಂತ ಕಡಿಮೆ. ಬೆಲೆಯನ್ನು ಮುಂಚಿತವಾಗಿ ಒಪ್ಪಂದದಲ್ಲಿ ಕಟ್ಟಿಹಾಕುವುದು ಈ ಕಾರಣಕ್ಕೆ. ಆದರೆ ಸಾಮಾನ್ಯವಾಗಿ ಮುಂದಿನ ಕೆಲವೇ ವರ್ಷಗಳಿಗೆ ಅದು ಸಾಧ್ಯ. ಅದರಾಚೆಯ ಎನ್‌ಎವಿ ನಿಂತಿರುವುದು ಸಲಹಾ ಸಂಸ್ಥೆಗಳ ಮುನ್ನಂದಾಜಿನ ಮೇಲೆ.

ಎರಡು, ಸರ್ಕಾರ. ಅರವತ್ತು ಕಾನೂನಿನಿಂದ ಬರುತ್ತದೆ ಎಂದೆನಲ್ಲ, ಕಾನೂನು ಕೊಡುವ ಕೈ ಕಸಿಯಲೂ ಬಲ್ಲದು. ವಿದ್ಯುತ್ ಬೆಲೆ ಗಗನಕ್ಕೇರಿದಾಗ 2023ರ ಜನವರಿ 1ರಿಂದ 2028ರ ಮಾರ್ಚ್‌ವರೆಗೆ ಎಲೆಕ್ಟ್ರಿಸಿಟಿ ಜನರೇಟರ್ ಲೆವಿ ಹಾಕಿದರು: ಮೆಗಾವ್ಯಾಟ್ ಅವರ್‌ಗೆ 75 ಪೌಂಡ್ ಮೀರಿದ ಆದಾಯಕ್ಕೆ ಶೇ 45, ವರ್ಷಕ್ಕೆ ಮೊದಲ ಒಂದು ಕೋಟಿ ಪೌಂಡಿಗೆ ವಿನಾಯಿತಿ. ಆ 75 ಈಗ ಹಣದುಬ್ಬರದ ಜೊತೆ ಏರುತ್ತದೆ. 2025ರ ಅಕ್ಟೋಬರ್ ಕೊನೆಗೆ ಬಂದದ್ದು ಇನ್ನೂ ಹತ್ತಿರದ ಪೆಟ್ಟು. ಆರ್‌ಒಸಿಯ ಬೈಔಟ್ ದರವನ್ನು ಹಣದುಬ್ಬರ ಅಳೆಯುವ ಆರ್‌ಪಿಐ ಸೂಚ್ಯಂಕದ ಬದಲು, ಸಾಮಾನ್ಯವಾಗಿ ಅದಕ್ಕಿಂತ ಕೆಳಗಿರುವ ಇನ್ನೊಂದು ಸೂಚ್ಯಂಕ ಸಿಪಿಐಗೆ ಜೋಡಿಸುವ ಪ್ರಸ್ತಾಪವನ್ನು ಸರ್ಕಾರ ಮುಂದಿಟ್ಟಿತು. ಅದರಲ್ಲಿದ್ದ ಎರಡನೇ ಆಯ್ಕೆ ಖಾರವಾದದ್ದು: 2002ರಿಂದಲೇ ಸಿಪಿಐ ಇದ್ದಿದ್ದರೆ ದರ ಎಲ್ಲಿರುತ್ತಿತ್ತೋ ಅದು ಇಂದಿನ ದರವನ್ನು ಹಿಡಿಯುವವರೆಗೆ ಏರಿಕೆಯನ್ನೇ ತಡೆಹಿಡಿಯುವುದು. ಹಳೆಯ ಪಾರ್ಕಿಗೆ ಕೊಟ್ಟ ಮಾತನ್ನೂ ಮತ್ತೆ ಬರೆಯಬಹುದು ಎಂದು ಹೂಡಿಕೆದಾರರಿಗೆ ಆಗ ಅರ್ಥವಾಯಿತು.

ತೆರಿಗೆ ಬಗ್ಗೆ ಒಂದೇ ಮಾತು, ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವರಿಗೆ ಮಾತ್ರ. 2024ರ ಏಪ್ರಿಲ್‌ನಿಂದ ತೆರಿಗೆಯಿಲ್ಲದ ಡಿವಿಡೆಂಡ್ ಮಿತಿ ವರ್ಷಕ್ಕೆ 500 ಪೌಂಡ್. ಅದರಾಚೆ ಅಸಲು ವಾಪಸ್ ಬಂದ ಭಾಗಕ್ಕೂ ಆದಾಯದ ಹೆಸರಲ್ಲೇ ತೆರಿಗೆ ಬೀಳುತ್ತದೆ. ಇಂಥ ಷೇರನ್ನು ತೆರಿಗೆ ಬೀಳದ ಐಸಾ ಖಾತೆಯೊಳಗೆ ಇಡುವವರು ಹೆಚ್ಚಿರುವುದು ಅದಕ್ಕೇ.

ವಾರ್ಷಿಕ ವರದಿ ಕೈಗೆ ಬಂದರೆ ನಾನು ಈಗ ಅಧ್ಯಕ್ಷರ ಪತ್ರ ಬಿಟ್ಟು ನೇರವಾಗಿ ಮೂರು ಜಾಗ ತೆರೆಯುತ್ತೇನೆ. ಆದಾಯದಲ್ಲಿ ಸಬ್ಸಿಡಿಯ ಪಾಲು ಎಷ್ಟು, ಅದು ಯಾವ ವರ್ಷ ಮುಗಿಯುತ್ತದೆ ಎಂಬ ಚಿತ್ರ. ಪಾರ್ಕುಗಳ ಸರಾಸರಿ ಉಳಿದ ಆಯಸ್ಸು, ಅದರಲ್ಲಿ ಅನುಮತಿ ಸಿಕ್ಕಿದ್ದೆಷ್ಟು, ಸಿಗುತ್ತದೆಂದು ಊಹಿಸಿದ್ದೆಷ್ಟು. ಕೊನೆಗೆ ಎನ್‌ಎವಿಯ ಸೂಕ್ಷ್ಮತೆಯ ಪಟ್ಟಿ: ಡಿಸ್ಕೌಂಟ್ ರೇಟ್ (ಮುಂದೆ ಬರುವ ಹಣವನ್ನು ಇಂದಿನ ಮೌಲ್ಯಕ್ಕೆ ಇಳಿಸುವ ದರ, ಮೇಲೆ ಹೇಳಿದ ಡಿಸ್ಕೌಂಟ್ ಅಲ್ಲ), ವಿದ್ಯುತ್ ಬೆಲೆ, ಹಣದುಬ್ಬರ, ಬಿಸಿಲು ಇವು ಸ್ವಲ್ಪ ಬದಲಾದರೆ ಎಷ್ಟು ಪೆನ್ಸ್ ಹೋಗುತ್ತದೆ, ಎಷ್ಟು ಬರುತ್ತದೆ. ಈ ಮೂರನ್ನು ಒಂದು ಹಾಳೆಗೆ ಬರೆದುಕೊಂಡು, ಮೇಲೆ ಮಾಡಿದ 15 ವರ್ಷ, 25 ವರ್ಷದ ಲೆಕ್ಕವನ್ನು ಆ ದಿನದ ಷೇರು ಬೆಲೆ ಹಾಕಿ ಮತ್ತೆ ಮಾಡುತ್ತೇನೆ.